ಎಲೆ ನೋಡುವ ಮೊದಲು ಬ್ಲೈಂಡ್ ಎಣಿಸಿ: ಒಂದೇ ಟೇಬಲಿನ ಆನ್‌ಲೈನ್ ಪೋಕರ್ ಟೂರ್ನಮೆಂಟ್

ರಮ್ಮಿಯಲ್ಲಿ ಪಳಗಿದವರು ಮೊಬೈಲಿನಲ್ಲಿ ಪೋಕರ್ ಟೂರ್ನಮೆಂಟಿಗೆ ಕೂತು ಸೋತರೆ, ಅದು ಹೆಚ್ಚಾಗಿ ಎಲೆಯ ಲೆಕ್ಕ ಬಾರದೆ ಅಲ್ಲ. ಯಾವ ಎಲೆ ಬಿತ್ತು, ಯಾವುದು ಇನ್ನೂ ಬರಬೇಕು ಎಂಬ ಅಂದಾಜು ಅವರಿಗೆ ಚೆನ್ನಾಗಿಯೇ ಇರುತ್ತದೆ. ಮೊದಲ ಹತ್ತು ನಿಮಿಷ ಆಡಿದ ಆಟವನ್ನೇ ನಲವತ್ತನೇ ನಿಮಿಷದಲ್ಲೂ ಆಡುತ್ತಾರೆ, ಎಡವುವುದು ಅಲ್ಲಿ. ಟೂರ್ನಮೆಂಟಿನಲ್ಲಿ ಅದೇ ಎರಡು ಎಲೆ ಒಂದು ಹೊತ್ತಿನಲ್ಲಿ ಯೋಚಿಸದೆ ಬಿಡಬೇಕಾದ ಕೈ, ಇನ್ನೊಂದು ಹೊತ್ತಿನಲ್ಲಿ ಇದ್ದಬದ್ದ ಚಿಪ್ಸ್ ಎಲ್ಲ ಮುಂದಿಡಬೇಕಾದ ಕೈ. ಯಾವ ಹೊತ್ತು ಎಂದು ತಿಳಿಸುವುದು ಒಂದೇ ಸಂಖ್ಯೆ: ನಿಮ್ಮ ಹತ್ತಿರ ಎಷ್ಟು ಬಿಗ್ ಬ್ಲೈಂಡ್ ಉಳಿದಿದೆ, ಅಂದರೆ ಪ್ರತಿ ಕೈಯಲ್ಲೂ ಒಬ್ಬರು ಕಡ್ಡಾಯವಾಗಿ ಹಾಕಬೇಕಾದ ಮೊತ್ತದ ಎಷ್ಟು ಪಟ್ಟು ಚಿಪ್ಸ್ ಇದೆ ಎಂಬುದು.

ಕಾನೂನಿನ ಮಾತು ಮೊದಲೇ ಹೇಳಿಬಿಡಬೇಕು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ಭೇದವಿಲ್ಲದೆ, ಹಣ ಕಟ್ಟಿಸಿಕೊಂಡು ಆಡಿಸುವ ಆನ್‌ಲೈನ್ ಆಟಗಳನ್ನು ಅದು ದೇಶಾದ್ಯಂತ ನಿಷೇಧಿಸಿದೆ. ಹಾಗಾಗಿ ಇಲ್ಲಿರುವುದೆಲ್ಲ ಬಿಟ್ಟಿ ಚಿಪ್ಸ್ ಇಟ್ಟುಕೊಂಡು ಆಡುವ ಆಟಕ್ಕೆ. ಶಿವಮೊಗ್ಗದಲ್ಲಿ ಇಬ್ಬರು, ಸಾಗರದಲ್ಲಿ ಮೂವರು, ಬೆಂಗಳೂರು ಸೇರಿದ ನಾಲ್ವರು, ಹೀಗೆ ಒಂಬತ್ತು ಜನ ಖಾಸಗಿ ಟೇಬಲ್ ಮಾಡಿಕೊಂಡು, ಗೆದ್ದವರಿಗೆ ಅಂಕ ಬರೆದಿಟ್ಟುಕೊಂಡು ಮಳೆಗಾಲವಿಡೀ ಒಂದು ಲೀಗ್ ನಡೆಸಬಹುದು. ಅದರೊಳಗೆ ಯುಪಿಐ ಮೂಲಕ ಪ್ರವೇಶ ಶುಲ್ಕ ಸೇರಿದರೆ ಅದು ಬೇರೆಯೇ ವಿಷಯವಾಗುತ್ತದೆ. ಟೆಲಿಗ್ರಾಂನಲ್ಲಿ ಬರುವ ಹೊರದೇಶದ ಆ್ಯಪ್‌ಗಳ ಲಿಂಕನ್ನಂತೂ ಮುಟ್ಟಬೇಡಿ. ಅಲ್ಲಿ ಕಟ್ಟಿದ ಹಣ ವಾಪಸ್ ಬಾರದಿದ್ದರೆ ಯಾರ ಬಾಗಿಲು ತಟ್ಟುವುದೂ ಕಷ್ಟ.

ಆಟದ ಚೌಕಟ್ಟು ಚುಟುಕಾಗಿ. ಇಲ್ಲಿ ಹೇಳುವುದು ಟೆಕ್ಸಸ್ ಹೋಲ್ಡೆಮ್ ಬಗ್ಗೆ. ಪ್ರತಿಯೊಬ್ಬರಿಗೂ ಮುಚ್ಚಿದ ಎರಡು ಎಲೆ, ಆಮೇಲೆ ಒಂದು ಸುತ್ತು ಬೆಟ್. ನಡುವೆ ಎಲ್ಲರಿಗೂ ಸೇರಿದ ಮೂರು ಎಲೆ ತೆರೆಯುತ್ತವೆ, ಅದು ಫ್ಲಾಪ್. ನಾಲ್ಕನೆಯದು ಟರ್ನ್, ಐದನೆಯದು ರಿವರ್, ಪ್ರತಿ ಹಂತದಲ್ಲೂ ಮತ್ತೆ ಬೆಟ್. ಏಳು ಎಲೆಗಳಲ್ಲಿ ಅತ್ಯುತ್ತಮ ಐದು ಲೆಕ್ಕಕ್ಕೆ. ಪ್ರತಿ ಕೈಯಲ್ಲೂ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಚಿಪ್ಸ್ ಹಾಕಬೇಕು. ಅರ್ಧ ಹಾಕುವವರು ಸ್ಮಾಲ್ ಬ್ಲೈಂಡ್, ಪೂರ್ತಿ ಹಾಕುವವರು ಬಿಗ್ ಬ್ಲೈಂಡ್. ತೀನ್ ಪತ್ತಿಯಲ್ಲಿ ಎಲೆ ನೋಡದೆ ಆಡುವುದಕ್ಕೆ ಬ್ಲೈಂಡ್ ಎನ್ನುತ್ತಾರಲ್ಲ, ಇದು ಅದಲ್ಲ. ಬಟನ್ ಎಂಬ ಗುರುತು ಇರುವವರು ಫ್ಲಾಪ್ ಆದಮೇಲೆ ಪ್ರತಿ ಸುತ್ತಿನಲ್ಲೂ ಕೊನೆಗೆ ಮಾತಾಡುತ್ತಾರೆ. ಎಲ್ಲರೂ ಏನು ಮಾಡಿದರೆಂದು ನೋಡಿ ಆಡುವ ಜಾಗ ಅದು. ಒಳ್ಳೆಯ ಎಲೆಯಷ್ಟೇ ಬೆಲೆ ಅದಕ್ಕಿದೆ.

ಈಗ ಒಂದು ಲೆಕ್ಕ. ಒಂಬತ್ತು ಜನ, ತಲಾ 1500 ಚಿಪ್ಸ್, ಒಟ್ಟು 13,500. ಎಂಟು ನಿಮಿಷಕ್ಕೊಮ್ಮೆ ಬ್ಲೈಂಡ್ ಏರುತ್ತದೆ ಎಂದಿಟ್ಟುಕೊಳ್ಳಿ: 10/20, 15/30, 25/50, 50/100, 75/150, ಆರನೇ ಹಂತ 100/200. ಶುರುವಿನಲ್ಲಿ ನಿಮ್ಮ ಹತ್ತಿರ 75 ಬಿಗ್ ಬ್ಲೈಂಡ್ ಇತ್ತು. ನಲವತ್ತು ನಿಮಿಷ ಕಳೆಯಿತು, ಗೆದ್ದಿಲ್ಲ, ಸೋತೂ ಇಲ್ಲ, ಅದೇ 1500 ಇದೆ. ಈಗ ಅದು ಬರೀ ಏಳೂವರೆ ಬಿಗ್ ಬ್ಲೈಂಡ್. ಆ ಹೊತ್ತಿಗೆ ಐದು ಜನ ಉಳಿದಿದ್ದರೆ ಇಡೀ ಟೇಬಲಿನ ಸರಾಸರಿಯೇ ಹದಿಮೂರೂವರೆ. ಅಂದರೆ ಕೊನೆಗೆ ಎಲ್ಲರೂ ಬಡವರೇ. ಸುಮ್ಮನೆ ಕಾದು ಕೂತರೆ ಬ್ಲೈಂಡೇ ನಿಮ್ಮನ್ನು ತಿಂದುಹಾಕುತ್ತದೆ. ಮುಂದಿನ ಎಲ್ಲ ಸಲಹೆಗೂ ಬೇರು ಈ ಲೆಕ್ಕವೇ.

ಮೊದಲ ಮೂರು ಹಂತ: ಕಡಿಮೆ ಕೈ, ದೊಡ್ಡ ಬೆಟ್

ಬಿಟ್ಟಿ ಚಿಪ್ಸ್ ಆಟದಲ್ಲಿ ಜನ ಕಾಲ್ ಮಾಡುವುದು, ಅಂದರೆ ಎದುರಿನವರ ಬೆಟ್ಟಿನಷ್ಟೇ ಹಾಕಿ ಆಟದಲ್ಲಿ ಉಳಿಯುವುದು ಜಾಸ್ತಿ. ಎರಡನೇ ಕೈಗೇ ಯಾರೋ ಒಬ್ಬರು ಇದ್ದ ಚಿಪ್ಸ್ ಎಲ್ಲ ಮುಂದಿಟ್ಟು ಆಲ್-ಇನ್ ಅನ್ನುತ್ತಾರೆ, ಇನ್ನಿಬ್ಬರು ಕುತೂಹಲಕ್ಕೆ ಜೊತೆಗೂಡುತ್ತಾರೆ. ಅವರ ಎದುರು ಬ್ಲಫ್ ಮಾಡಿ ಪ್ರಯೋಜನವಿಲ್ಲ, ಎಲೆ ಬಿಡದವರನ್ನು ಹೆದರಿಸಲಾಗುವುದಿಲ್ಲ. ಒಳ್ಳೆಯ ಕೈಗೆ ಕಾದು, ಬಂದಾಗ ಪೂರ್ತಿ ಬೆಲೆ ವಸೂಲಿ ಮಾಡುವುದೇ ದಾರಿ.

ಈ ಹಂತದಲ್ಲಿ ರೈಸ್ ಮಾಡಬೇಕಾದ, ಅಂದರೆ ಬೆಟ್ ಏರಿಸಬೇಕಾದ ಕೈಗಳು ಕೆಲವೇ: ಹತ್ತರ ಜೋಡಿ ಮತ್ತು ಅದಕ್ಕಿಂತ ಮೇಲಿನವು, ಎಕ್ಕ-ರಾಜ, ಎಕ್ಕ-ರಾಣಿ. ರೈಸ್ ಅಳತೆ ಮೂರು ಬಿಗ್ ಬ್ಲೈಂಡ್, ನಿಮಗಿಂತ ಮೊದಲು ಬರೀ ಕಾಲ್ ಮಾಡಿ ಕೂತವರಿದ್ದರೆ ತಲೆಗೊಂದು ಸೇರಿಸಿ. 10/20ರಲ್ಲಿ ಇಬ್ಬರು ಕಾಲ್ ಮಾಡಿದ್ದರೆ 100. ಇಲ್ಲಿ ಪುಟ್ಟ ರೈಸ್ ಮಾಡಿದರೆ ಐದು ಜನ ಫ್ಲಾಪ್ ನೋಡುತ್ತಾರೆ. ಎಕ್ಕದ ಜೋಡಿಯಂಥ ಕೈ ಕೂಡ ಐದು ಜನರ ನಡುವೆ ಸೋಲುವುದು ಸಾಮಾನ್ಯ.

ರಾಜ-ಗುಲಾಮ, ಎಕ್ಕ-ಆರು, ರಾಣಿ-ಹತ್ತು ಇವು ನೋಡಲು ಚೆಂದ. ಆದರೆ ಮೊದಲ ಹಂತಗಳಲ್ಲಿ ಚಿಪ್ಸ್ ಕಳೆಯುವುದು ಇವುಗಳಿಂದಲೇ. ಎಕ್ಕ-ಆರು ಹಿಡಿದು ನಿಮಗೆ ಫ್ಲಾಪಿನಲ್ಲಿ ಎಕ್ಕ ಬಂತು ಅಂದುಕೊಳ್ಳಿ. ನಿಮಗಿಂತ ಕೆಟ್ಟ ಕೈ ಇದ್ದವರು ಬಿಟ್ಟುಹೋಗುತ್ತಾರೆ, ಎಕ್ಕ-ರಾಜ ಇದ್ದವರು ಮಾತ್ರ ಕೊನೆಯವರೆಗೂ ಜೊತೆಗಿರುತ್ತಾರೆ. ಫ್ಲಾಪಿಗೆ ಮೊದಲೇ ಆಲ್-ಇನ್ ಆಗಿದ್ದರೂ ಎಕ್ಕ-ರಾಜದ ಎದುರು ಎಕ್ಕ-ಆರು ಗೆಲ್ಲುವುದು ಸುಮಾರು ನಾಲ್ಕರಲ್ಲಿ ಒಂದು ಸಲ.

ಚಿಕ್ಕ ಜೋಡಿಗಳ ಲೆಕ್ಕ ಬೇರೆ. ಎರಡರಿಂದ ಆರರವರೆಗಿನ ಜೋಡಿಗೆ ಫ್ಲಾಪಿನಲ್ಲಿ ಮೂರನೆಯದು ಸೇರುವುದು ಸುಮಾರು ಎಂಟೂವರೆ ಸಲಕ್ಕೊಮ್ಮೆ. ಸೇರಿದಾಗಲೂ ಎದುರಿನವರು ಪೂರ್ತಿ ಚಿಪ್ಸ್ ಕೊಡುತ್ತಾರೆಂಬ ಖಾತ್ರಿಯಿಲ್ಲ. ಹಾಗಾಗಿ ಕಾಲ್ ಮಾಡುವ ಮೊತ್ತದ ಹದಿನೈದರಿಂದ ಇಪ್ಪತ್ತು ಪಟ್ಟು ನಿಮ್ಮಿಬ್ಬರ ಹತ್ತಿರವೂ ಇರಬೇಕು. 10/20ರಲ್ಲಿ 60ಕ್ಕೆ ಕಾಲ್ ಮಾಡಿದರೆ 1500 ಅದರ ಇಪ್ಪತ್ತೈದು ಪಟ್ಟು, ಆಡಬಹುದು. 50/100ರಲ್ಲಿ ರೈಸ್ 300, ಅದೇ 1500 ಬರೀ ಐದು ಪಟ್ಟು, ಬಿಡಬೇಕು. ಎಲೆ ಅದೇ, ತೀರ್ಪು ತಲೆಕೆಳಗು.

ಫ್ಲಾಪ್ ಆದಮೇಲೆ ಬೇಕಾಗುವ ಮುಖ್ಯ ಲೆಕ್ಕ ಪಾಟಿನದು, ಅಂದರೆ ನಡುವೆ ಸೇರಿದ ಚಿಪ್ಸಿನದು. ಪಾಟಿನಲ್ಲಿ 200 ಇದೆ, ಎದುರಿನವರು 200 ಬೆಟ್ ಮಾಡಿದರು. ನೀವು 200 ಕೊಟ್ಟರೆ ಪಾಟ್ 600, ಅಂದರೆ ಮೂರರಲ್ಲಿ ಒಂದು ಸಲ, 33% ಗೆದ್ದರೆ ಸರಿಸಮ. ನಿಮ್ಮ ಕೈ, ಫ್ಲಾಪ್ ಸೇರಿ ನಾಲ್ಕು ಇಸ್ಪೀಟು (ಸ್ಪೇಡ್) ಇವೆ, ಐದನೆಯದು ಬಂದರೆ ಫ್ಲಶ್, ಅಂದರೆ ಒಂದೇ ಜಾತಿಯ ಐದು ಎಲೆ. ಉಳಿದ ಇಸ್ಪೀಟು ಒಂಬತ್ತು. ಟರ್ನ್, ರಿವರ್ ಎರಡರಲ್ಲಿ ಒಂದು ಬರುವ ಸಾಧ್ಯತೆ 35%. ಬಹಳ ಜನ ಇಷ್ಟು ನೋಡಿ ಕಾಲ್ ಮಾಡಿಬಿಡುತ್ತಾರೆ. ಆದರೆ 35% ಸಿಗುವುದು ಎರಡೂ ಎಲೆಯನ್ನು ಇದೇ ಬೆಲೆಗೆ ನೋಡಲು ಬಿಟ್ಟರೆ ಮಾತ್ರ, ಅಂದರೆ ಯಾರಾದರೂ ಆಲ್-ಇನ್ ಆಗಿದ್ದರೆ. ಇಲ್ಲದಿದ್ದರೆ ಟರ್ನಿನಲ್ಲಿ ಅವರು ಮತ್ತೆ ಬೆಟ್ ಮಾಡುತ್ತಾರೆ. ಒಂದು ಎಲೆಗೆ ನಿಮ್ಮ ಸಾಧ್ಯತೆ 19% ಅಷ್ಟೇ. ಮನಸ್ಸಿನಲ್ಲೇ ಹಾಕುವ ಅಂದಾಜು ಹೀಗೆ: ನಿಮಗೆ ಬೇಕಾದ ಎಲೆಗಳನ್ನು ಎಣಿಸಿ, ಒಂದೇ ಎಲೆ ಬಾಕಿ ಇದ್ದರೆ ಎರಡರಿಂದ, ಎರಡು ಬಾಕಿ ಇದ್ದರೆ ನಾಲ್ಕರಿಂದ ಗುಣಿಸಿ. ಶೇಕಡಾವಾರು ಹತ್ತಿರಹತ್ತಿರ ಸಿಗುತ್ತದೆ. ಒಳ್ಳೆಯ ಕೈ ನಿಮ್ಮದೇ ಆದಾಗ ಇದೇ ಲೆಕ್ಕವನ್ನು ತಿರುಗಿಸಿ: ಪಾಟಿನ ಮೂರನೇ ಎರಡು ಭಾಗದಷ್ಟು ಬೆಟ್ ಮಾಡಿ, ಎಲೆಗೆ ಕಾಯುವವರು ದುಬಾರಿ ಬೆಲೆ ಕೊಡಲಿ.

ಕರೆಂಟು, ನೆಟ್‌ವರ್ಕ್

ಇದನ್ನು ತಂತ್ರದ ಭಾಗವೆಂದೇ ಎಣಿಸಬೇಕು, ಅದರಲ್ಲೂ ನಮ್ಮ ಕಡೆ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಜುಲೈನಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು, ಹಿಂದೆಯೇ ಟವರಿನ ಸಿಗ್ನಲ್ ಬೀಳುವುದು ಹೊಸದೇನಲ್ಲ. ಸಂಪರ್ಕ ತಪ್ಪಿದರೆ ಟೂರ್ನಮೆಂಟ್ ನಿಮಗಾಗಿ ನಿಲ್ಲುವುದಿಲ್ಲ. ನಿಮ್ಮ ಸರದಿ ಬಂದಾಗ ಕೈಯನ್ನು ಬಿಡಲಾಗುತ್ತದೆ, ಬ್ಲೈಂಡ್ ಮಾತ್ರ ಕಡಿತವಾಗುತ್ತಲೇ ಇರುತ್ತದೆ. 10/20ರಲ್ಲಿ ಒಂದು ಸುತ್ತು ತಪ್ಪಿದರೆ 30 ಚಿಪ್ಸ್, ಏನೂ ಅಲ್ಲ. 100/200ರಲ್ಲಿ ಐದು ಜನರಿದ್ದಾಗ ಐದೇ ಕೈಗೆ 300 ಹೋಗುತ್ತದೆ. ರೂಟರ್ ಇನ್ವರ್ಟರ್ ಮೇಲಿರಲಿ. ಬ್ರಾಡ್‌ಬ್ಯಾಂಡ್ ಕೈಕೊಟ್ಟರೆ ಬದಲಿಗೆ ಬೇರೆ ಕಂಪನಿಯ ಸಿಮ್ಮಿನ ಹಾಟ್‌ಸ್ಪಾಟ್ ಸಿದ್ಧವಿರಲಿ, ಆ್ಯಪ್‌ನಲ್ಲಿ ಲಾಗಿನ್ ಮೊದಲೇ ಆಗಿರಲಿ. ಗೆಳೆಯರ ಲೀಗ್ ಆದರೆ ಬ್ಲೈಂಡ್ ಏರುವ ಅವಧಿಯನ್ನು ಹನ್ನೆರಡು ನಿಮಿಷಕ್ಕೆ ಹಿಗ್ಗಿಸಿ. ಸಿಗ್ನಲ್ ಹೋದವರು ಮರಳಲು ಸಮಯ ಸಿಗುತ್ತದೆ, ಆಟದಲ್ಲಿ ಯೋಚನೆಗೂ ಜಾಗ ಸಿಗುತ್ತದೆ.

ಇಪ್ಪತ್ತರಿಂದ ಹತ್ತರವರೆಗೆ

ಇಪ್ಪತ್ತು ಬಿಗ್ ಬ್ಲೈಂಡಿಗಿಂತ ಕೆಳಗಿಳಿದ ಮೇಲೆ ಬಿಡಬೇಕಾದ ಮೊದಲ ಅಭ್ಯಾಸ ಕಾಲ್ ಮಾಡುವುದು. ಹದಿನೈದು ಬಿಗ್ ಬ್ಲೈಂಡ್ ಇದ್ದಾಗ ಎರಡೂವರೆಗೆ ಕಾಲ್ ಮಾಡಿ, ಫ್ಲಾಪ್ ಕೂಡಿಬರದೆ ಬಿಟ್ಟರೆ ಸ್ಟ್ಯಾಕಿನ, ಅಂದರೆ ನಿಮ್ಮ ಹತ್ತಿರವಿರುವ ಚಿಪ್ಸಿನ ಆರನೇ ಒಂದು ಭಾಗ ಹೋಯಿತು. ಜೋಡಿಯಿಲ್ಲದ ಯಾವುದೇ ಎರಡೆಲೆಗೆ ಫ್ಲಾಪಿನಲ್ಲಿ ಜೋಡಿ ಕೂಡುವುದು ಮೂರರಲ್ಲಿ ಒಂದು ಸಲ ಮಾತ್ರ. ಆದ್ದರಿಂದ ಇಲ್ಲಿ ಆಯ್ಕೆ ರೈಸ್ ಅಥವಾ ಫೋಲ್ಡ್ (ಕೈ ಬಿಡುವುದು). ನಿಮಗಿಂತ ಮೊದಲಿನವರೆಲ್ಲ ಬಿಟ್ಟಿದ್ದು ನೀವು ಬಟನ್ ಅಥವಾ ಅದಕ್ಕಿಂತ ಸ್ವಲ್ಪ ಮೊದಲು ಮಾತಾಡುವ ಪಕ್ಕದ ಜಾಗದಲ್ಲಿದ್ದರೆ, ಎರಡರಿಂದ ಎರಡೂವರೆ ಬಿಗ್ ಬ್ಲೈಂಡಿಗೆ ರೈಸ್ ಮಾಡಿ ಬ್ಲೈಂಡನ್ನು ಕಸಿಯಿರಿ. ಬ್ಲೈಂಡಿನಲ್ಲಿ ಕೂತವರು ಬಿಗಿಯಾಗಿ ಆಡುವವರಾಗಿರಬೇಕು. ಎಲ್ಲಕ್ಕೂ ಕಾಲ್ ಮಾಡುವವರು ಅಲ್ಲಿದ್ದರೆ ಈ ಕೆಲಸ ಬೇಡ.

ಹತ್ತರ ಕೆಳಗೆ: ಆಲ್-ಇನ್ ಅಥವಾ ಫೋಲ್ಡ್

ಹತ್ತು ಬಿಗ್ ಬ್ಲೈಂಡ್ ಅಥವಾ ಅದಕ್ಕಿಂತ ಕಡಿಮೆ ಉಳಿದಾಗ ನಡುವಿನ ದಾರಿ ಮುಚ್ಚಿತು. ಪುಟ್ಟ ರೈಸ್ ಮಾಡಿ ಆಮೇಲೆ ಬಿಡುವಷ್ಟು ಚಿಪ್ಸ್ ನಿಮ್ಮ ಹತ್ತಿರ ಇಲ್ಲ. ಇಲ್ಲಿಯೇ ಹೊಸಬರಿಗೆ ಕೈ ನಡುಗುವುದು. ಲೆಕ್ಕ ಬಿಡಿಸಿ ನೋಡಿದರೆ ಧೈರ್ಯ ಬರುತ್ತದೆ.

ಬ್ಲೈಂಡ್ 100/200. ನೀವು ಸ್ಮಾಲ್ ಬ್ಲೈಂಡ್, ನಿಮ್ಮ ಹತ್ತಿರ ಹಾಕಿದ 100 ಸೇರಿ 2000. ಬಿಗ್ ಬ್ಲೈಂಡಿನವರಲ್ಲೂ ಅಷ್ಟೇ. ಮಿಕ್ಕವರೆಲ್ಲ ಬಿಟ್ಟಿದ್ದಾರೆ. ನಿಮ್ಮ ಕೈಯಲ್ಲಿ ಇಸ್ಪೀಟಿನ ಒಂಬತ್ತು ಮತ್ತು ಎಂಟು. ಬಿಟ್ಟರೆ 1900 ಉಳಿಯುತ್ತದೆ. ಆಲ್-ಇನ್ ಹೇಳಿದಾಗ ಅವರು ಬಿಟ್ಟರೆ 2200, ಅಂದರೆ 300 ಲಾಭ. ಅವರು ಕಾಲ್ ಮಾಡಿದರೆ 4000ದ ಪಾಟ್. ಕಡಿಮೆಯೇ ಹಿಡಿದು ನಿಮ್ಮ ಗೆಲುವಿನ ಸಾಧ್ಯತೆ 35% ಎಂದರೂ ಸರಾಸರಿ 1400 ವಾಪಸ್, ಅಂದರೆ 500 ನಷ್ಟ. 300 ಲಾಭ ಮತ್ತು 500 ನಷ್ಟ ಸರಿದೂಗಲು ಅವರು 62.5% ಸಲ ಬಿಟ್ಟರೆ ಸಾಕು. ಈಗ ಅವರ ಕಡೆಯಿಂದ ನೋಡಿ. ಯಾವುದೇ ಜೋಡಿ, ಯಾವುದೇ ಎಕ್ಕ, ಎರಡೂ ಹತ್ತು ಅಥವಾ ಅದಕ್ಕೆ ಮೇಲ್ಪಟ್ಟ ಎಲೆ, ಇವಿಷ್ಟಕ್ಕೂ ಅವರು ಕಾಲ್ ಮಾಡುತ್ತಾರೆ ಎಂದುಕೊಂಡರೂ ಒಟ್ಟು 1326 ಜೋಡಣೆಗಳಲ್ಲಿ ಅದು 366, ಸುಮಾರು 28%. ಉಳಿದ 72% ಸಲ ಬಿಡುತ್ತಾರೆ. ಒಂಬತ್ತು-ಎಂಟರ ಆಲ್-ಇನ್ ಲಾಭದ ಆಟ, ದುಡುಕಲ್ಲ.

ಇದೇ ಕಾರಣಕ್ಕೆ ಜಾಗ ಮುಖ್ಯ. ಸ್ಮಾಲ್ ಬ್ಲೈಂಡಿನಲ್ಲಿ ದಾಟಬೇಕಾದವರು ಒಬ್ಬರೇ, ಹಾಗಾಗಿ ಹತ್ತು ಬಿಗ್ ಬ್ಲೈಂಡ್ ಇದ್ದಾಗ ಅರ್ಧಕ್ಕಿಂತ ಹೆಚ್ಚು ಕೈಗಳನ್ನು ತಳ್ಳಬಹುದು, ಅಂದರೆ ಆಲ್-ಇನ್ ಹೇಳಬಹುದು. ಬಟನ್‌ನಲ್ಲಿದ್ದರೆ ದಾಟಬೇಕಾದವರು ಇಬ್ಬರು, ಆಗ ತಳ್ಳುವ ಕೈಗಳು: ಯಾವುದೇ ಜೋಡಿ, ಹೆಚ್ಚುಕಡಿಮೆ ಯಾವುದೇ ಎಕ್ಕ, ರಾಜ-ಒಂಬತ್ತರಿಂದ ಮೇಲೆ, ರಾಣಿ-ಹತ್ತು, ಗುಲಾಮ-ಹತ್ತು. ಎಂಟು ಜನ ಹಿಂದಿದ್ದಾಗ ಮೊದಲ ಜಾಗದಿಂದ ತಳ್ಳಬೇಕಾದರೆ ನಡುಮಟ್ಟದ ಜೋಡಿ ಅಥವಾ ಎಕ್ಕ-ಗುಲಾಮಕ್ಕೆ ಕಡಿಮೆಯಿಲ್ಲದ ಕೈ ಬೇಕು.

ತಳ್ಳುವ ಕೈ ಬೇರೆ, ಕಾಲ್ ಮಾಡುವ ಕೈ ಬೇರೆ. ತಳ್ಳಿದವರು ಎರಡು ರೀತಿಯಲ್ಲಿ ಗೆಲ್ಲಬಹುದು, ಎದುರಿನವರು ಬಿಟ್ಟರೂ ಗೆಲುವು, ಎಲೆ ಕೂಡಿಬಂದರೂ ಗೆಲುವು. ಕಾಲ್ ಮಾಡಿದವರಿಗೆ ಎಲೆಯೊಂದೇ ದಿಕ್ಕು. ಸರಿಯಾದ ಜಾಗದಲ್ಲಿ ರಾಜ-ಒಂಬತ್ತು ಹಿಡಿದು ಆಲ್-ಇನ್ ಹೇಳುವುದು ಸರಿ, ಅದೇ ಕೈಯಲ್ಲಿ ಇನ್ನೊಬ್ಬರ ಆಲ್-ಇನ್‌ಗೆ ಕಾಲ್ ಮಾಡುವುದು ಹೆಚ್ಚಿನ ಸಲ ತಪ್ಪು. ಇನ್ನೂ ಒಂದು: ಮೂರು ಬಿಗ್ ಬ್ಲೈಂಡಿಗೆ ಇಳಿಯುವವರೆಗೆ ಕಾಯಬೇಡಿ. ಮೂರರಿಂದ ಯಾರನ್ನೂ ಹೆದರಿಸಲಾಗದು, ಬಿಗ್ ಬ್ಲೈಂಡಿನವರು ಏನಿದ್ದರೂ ಕಾಲ್ ಮಾಡುತ್ತಾರೆ. ಎಂಟರಲ್ಲಿದ್ದಾಗ ಬ್ಲೈಂಡ್ ಗೆದ್ದರೆ ಒಂಬತ್ತೂವರೆ ಆಗುತ್ತದೆ, ಇನ್ನೊಂದು ಸುತ್ತು ಬದುಕಲು ಅಷ್ಟು ಸಾಕು.

ನಾಲ್ವರು ಉಳಿದಾಗ

ಮೂವರಿಗೆ ಅಂಕ, ನಾಲ್ಕನೆಯವರಿಗೆ ಸೊನ್ನೆ. ಈ ಹಂತವನ್ನು ಬಬಲ್ ಅನ್ನುತ್ತಾರೆ. ಚಿಪ್ಸ್ ದುಪ್ಪಟ್ಟಾದರೆ ಅದರ ಬೆಲೆಯೂ ದುಪ್ಪಟ್ಟಾಗುತ್ತದೆ ಎಂಬ ನಂಬಿಕೆ ಇಲ್ಲಿ ಪೂರ್ತಿ ಸುಳ್ಳಾಗುತ್ತದೆ.

ಲೀಗಿನ ಅಂಕ 50, 30, 20 ಇರಲಿ. ನಾಲ್ವರ ಬಳಿಯೂ ಸಮಸಮ 3375. ಹಾಗಾದರೆ ಪ್ರತಿಯೊಬ್ಬರ ಪಾಲಿನ ನಿರೀಕ್ಷೆ 25 ಅಂಕ. ಒಬ್ಬರು ಆಲ್-ಇನ್ ಹೇಳಿದರು, ನೀವು ಕಾಲ್ ಮಾಡಿ ಗೆದ್ದಿರಿ. ಈಗ ನಿಮ್ಮದು 6750, ಉಳಿದಿಬ್ಬರದು 3375. ಮೊದಲನೆಯವರಾಗುವ ಸಾಧ್ಯತೆ ಚಿಪ್ಸಿನ ಪಾಲಿನಷ್ಟೇ, ಅರ್ಧ: 25 ಅಂಕ. ಎರಡನೆಯವರಾಗುವುದು ಮೂರರಲ್ಲಿ ಒಂದು: 10 ಅಂಕ. ಮೂರನೆಯದು ಆರರಲ್ಲಿ ಒಂದು: ಮೂರೂಕಾಲು ಅಂಕ ಮತ್ತು ಚೂರು. ಒಟ್ಟು 38.3. ಚಿಪ್ಸ್ ಎರಡು ಪಟ್ಟಾಯಿತು, ನಿರೀಕ್ಷೆ ಒಂದೂವರೆ ಪಟ್ಟು ಚಿಲ್ಲರೆ ಮಾತ್ರ. ಸೋತಿದ್ದರೆ ಇಪ್ಪತ್ತೈದಕ್ಕೆ ಇಪ್ಪತ್ತೈದೂ ಹೋಗುತ್ತಿತ್ತು. 25 ಕಳೆಯುವ ಅಪಾಯಕ್ಕೆ 38.3 ಸಿಗಬೇಕಾದರೆ ನೀವು 65% ಸಲ ಗೆಲ್ಲಬೇಕು. ನೀವು ಬ್ಲೈಂಡಿನಲ್ಲಿದ್ದರೆ ಈ ಗೆರೆ ಸ್ವಲ್ಪ ಇಳಿಯುತ್ತದೆ, ಆದರೆ ಬಹಳವಲ್ಲ.

65% ಎಂದರೆ ಎಷ್ಟು ಎತ್ತರ ಗೊತ್ತೇ? ಎದುರಿನವರು ಎಲೆ ನೋಡದೆಯೇ ತಳ್ಳಿದ್ದಾರೆ ಎಂದುಕೊಂಡರೂ ಆರರ ಜೋಡಿ ಗೆಲ್ಲುವುದು 63%, ಏಳರ ಜೋಡಿ 66%. ಆರರ ಜೋಡಿ ಬಿಡಬೇಕು, ಏಳರದು ಗೆರೆಯ ಮೇಲೆ. ನಿಜವಾಗಿ ಅವರು ಎಲೆ ನೋಡಿಯೇ ತಳ್ಳುತ್ತಾರೆ, ಆಗ ಇನ್ನೂ ಬಲವಾದ ಕೈ ಬೇಕು. ಇದರ ಇನ್ನೊಂದು ಮುಖವೇ ನಿಮ್ಮ ಅವಕಾಶ: ನೀವು ಕಾಲ್ ಮಾಡಲು ಎಷ್ಟು ಹಿಂಜರಿಯಬೇಕೋ ಅವರೂ ಅಷ್ಟೇ ಹಿಂಜರಿಯಬೇಕು. ಹಾಗಾಗಿ ಬಬಲಿನಲ್ಲಿ ಮೊದಲು ತಳ್ಳಿದವರಿಗೆ ಲಾಭ, ಕಾಲ್ ಮಾಡಿದವರಿಗೆ ನಷ್ಟ.

ಸ್ಟ್ಯಾಕುಗಳು ಸಮವಿಲ್ಲದಾಗ ಪಾತ್ರಗಳು ಬದಲಾಗುತ್ತವೆ. 6000, 3700, 3000, 800 ಎಂದಿಟ್ಟುಕೊಳ್ಳಿ, ಬ್ಲೈಂಡ್ 100/200. 800ರವರಿಗೆ ನಾಲ್ಕೇ ಬಿಗ್ ಬ್ಲೈಂಡ್ ಇದೆ, ಒಂದೆರಡು ಸುತ್ತಿನಲ್ಲಿ ಅವರ ಕಥೆ ತೀರ್ಮಾನವಾಗುತ್ತದೆ. ಈ ಹೊತ್ತಿನಲ್ಲಿ 3000ದವರು 6000ದವರ ಜೊತೆ ದೊಡ್ಡ ಪಾಟ್ ಆಡುವುದು ಇಡೀ ಟೂರ್ನಮೆಂಟಿನ ಅತಿ ದುಬಾರಿ ತಪ್ಪು. ಎಕ್ಕ-ರಾಣಿ ಇದ್ದರೂ 6000ದವರ ಆಲ್-ಇನ್‌ಗೆ ಬಿಟ್ಟುಕೊಡುವುದು ಒಳಿತು. ಇತ್ತ 6000ದವರು ಇದನ್ನು ತಿಳಿದು ನಡುವಿನ ಇಬ್ಬರ ಬ್ಲೈಂಡಿನ ಮೇಲೆ ಎಡೆಬಿಡದೆ ಒತ್ತಡ ಹಾಕಬೇಕು. ಆದರೆ ಎದುರಾಳಿ ಇಂಥ ಲೆಕ್ಕ ಹಾಕುವವರಾಗಿದ್ದರೆ ಮಾತ್ರ ಒತ್ತಡ ಫಲಿಸುತ್ತದೆ. ಎಂಥ ಕೈಗೂ ಕಾಲ್ ಮಾಡುವವರು ಎದುರಿಗಿದ್ದರೆ ಒಳ್ಳೆಯ ಎಲೆಗೇ ಕಾಯಿರಿ. ನಿಮ್ಮ ಲೀಗಿನಲ್ಲಿ ಮೊದಲನೆಯವರಿಗೆ ಮಾತ್ರ ಅಂಕ ಎಂಬ ನಿಯಮವಿದ್ದರೆ ಈ ಭಾಗವನ್ನೆಲ್ಲ ಮರೆತುಬಿಡಿ. ಅಲ್ಲಿ ಬಬಲೇ ಇಲ್ಲ.

ಮೂವರು ಉಳಿದ ಕೂಡಲೇ ಬಿಗಿಹಿಡಿತ ಸಡಿಲಿಸಿ. ಎಲ್ಲರಿಗೂ 20 ಅಂಕ ಖಾತ್ರಿಯಾಯಿತು, ಮುಂದೆ ಸಿಗುವುದರಲ್ಲಿ ದೊಡ್ಡ ಪಾಲು ಮೊದಲ ಸ್ಥಾನಕ್ಕಿದೆ. ಇಬ್ಬರೇ ಆದಾಗ ಚಿಪ್ಸಿನ ಪಾಲೂ ಅಂಕದ ಪಾಲೂ ಮತ್ತೆ ಒಂದೇ ಲೆಕ್ಕಕ್ಕೆ ಬರುತ್ತವೆ. ಆಗ ಬಟನ್ ಇರುವವರೇ ಸ್ಮಾಲ್ ಬ್ಲೈಂಡ್, ಫ್ಲಾಪಿಗೆ ಮೊದಲು ಅವರೇ ಮೊದಲು ಮಾತಾಡಬೇಕು, ಫ್ಲಾಪ್ ಆದಮೇಲೆ ಕೊನೆಗೆ. ಒಂಬತ್ತು ಜನರ ಟೇಬಲಿನಲ್ಲಿ ಕಣ್ಣೆತ್ತಿಯೂ ನೋಡದ ರಾಜ-ನಾಲ್ಕು ಇಲ್ಲಿ ಬಲವಾದ ಕೈ. ಒಳ್ಳೆಯ ಎಲೆಗೆ ಕಾಯುತ್ತ ಕೂತರೆ ಪ್ರತಿ ಕೈಯಲ್ಲೂ ಒಂದು ಬ್ಲೈಂಡ್ ಹೋಗುತ್ತದೆ.

ಸೋತ ಕೈಗಳನ್ನು ಹೇಗೆ ಓದಬೇಕು

ಎಕ್ಕದ ಜೋಡಿ ರಾಜನ ಜೋಡಿಯ ಎದುರು ಗೆಲ್ಲುವುದು 82%. ಸತತ ಮೂರು ಸಲ ಗೆಲ್ಲುವ ಸಾಧ್ಯತೆ 55% ಮಾತ್ರ. ಸರಿಯಾಗಿ ಆಡಿಯೂ ಸೋಲುವುದು ಈ ಆಟದಲ್ಲಿ ನಿತ್ಯದ ಮಾತು, ಅದಕ್ಕೆ ಸಿಟ್ಟಾಗಿ ಮುಂದಿನ ಕೈಯಲ್ಲಿ ಎಲ್ಲವನ್ನೂ ತಳ್ಳಿದರೆ ಅದು ತಪ್ಪು. ಒಂಬತ್ತು ಜನರಲ್ಲಿ ಸರಾಸರಿ ಆಟಗಾರರು ಅಂಕ ಪಡೆಯುವುದು ಮೂರರಲ್ಲಿ ಒಂದು ಸಲ. ಹಾಗಾಗಿ ಹತ್ತಿಪ್ಪತ್ತು ಆಟದ ಫಲಿತಾಂಶ ನೋಡಿ ನಿಮ್ಮ ಆಟ ಸುಧಾರಿಸಿತೋ ಇಲ್ಲವೋ ಎಂದು ಹೇಳಲಾಗದು.

ಫಲಿತಾಂಶದ ಬದಲು ತೀರ್ಮಾನಗಳನ್ನು ನೋಡಿ. ಬಹಳಷ್ಟು ಆ್ಯಪ್‌ಗಳಲ್ಲಿ ಆಡಿದ ಕೈಗಳ ದಾಖಲೆ ಸಿಗುತ್ತದೆ. ಆಟ ಮುಗಿದ ಮೇಲೆ ಮೂರು ಬಗೆಯ ಕೈಗಳನ್ನು ತೆಗೆದು ನೋಡಿದರೆ ಸಾಕು. ಮೊದಲನೆಯದು, ಹದಿನೈದು ಬಿಗ್ ಬ್ಲೈಂಡಿಗಿಂತ ಕಡಿಮೆ ಇದ್ದಾಗ ಬರೀ ಕಾಲ್ ಮಾಡಿದವು. ಎರಡನೆಯದು, ಬಬಲಿನಲ್ಲಿ ಆಲ್-ಇನ್‌ಗೆ ಕಾಲ್ ಮಾಡಿದವು, ಗೆದ್ದಿದ್ದರೂ ಸರಿ. ಮೂರನೆಯದು ಯಾರೂ ನೋಡದ ಕೈಗಳು: ಹತ್ತು ಬಿಗ್ ಬ್ಲೈಂಡಿಗಿಂತ ಕಡಿಮೆ ಇದ್ದು, ಎಲ್ಲರೂ ಬಿಟ್ಟು ನಿಮ್ಮವರೆಗೆ ಬಂದಾಗ ಸ್ಮಾಲ್ ಬ್ಲೈಂಡಿನಲ್ಲಿ ನೀವು ಸದ್ದಿಲ್ಲದೆ ಫೋಲ್ಡ್ ಮಾಡಿದವು. ಮೇಲಿನ 62.5%ರ ಲೆಕ್ಕವನ್ನು ಅವುಗಳ ಮೇಲೆ ಒಂದೊಂದಾಗಿ ಹಾಕಿ ನೋಡಿ. ಹೊಸಬರ ಚಿಪ್ಸ್ ಹೆಚ್ಚಾಗಿ ಸೋರಿಹೋಗಿರುವುದು ಅಲ್ಲೇ.